ಡೀಸೆಲ್ ವೇಗವರ್ಧಕಗಳ ವಿಷಬಾಧೆ

ಡೀಸೆಲ್ ವಾಹನದ ಹೊಗೆ ತೊಳೆಯುವ ವೇಗವರ್ಧಕಕ್ಕೆ ಗಂಧಕ, ರಂಜಕ, ಸೋಡಿಯಂ, ಕ್ಯಾಲ್ಸಿಯಂನಂಥ ವಸ್ತುಗಳು ಅಂಟಿ ಅದರ ಶಕ್ತಿ ಕುಂದುವುದೇ ವಿಷಬಾಧೆ. ಮುರುಗಮಲ್ಲದ ದರ್ಗಾಕ್ಕೆ ಜನರನ್ನು ಕರೆತರುವ ಬಸ್ಸಾಗಲಿ, ಚಿಂತಾಮಣಿಯಿಂದ ಟೊಮೆಟೊ ಹೊರುವ ಲಾರಿಯಾಗಲಿ, ಬಿಎಸ್-6 (ಭಾರತ್ ಸ್ಟೇಜ್-6) ಹೊಗೆ ಮಾನದಂಡದ ಮಾದರಿಯದಾಗಿದ್ದರೆ ಈ ಕಾಟದಿಂದ ಹೊರತಲ್ಲ.

ಮೊದಲ ಪಾಠ ಕಲಿಸಿದ್ದು ಪೆಟ್ರೋಲ್. ಅದರಲ್ಲಿನ ಸೀಸ ಪ್ಲಾಟಿನಂ ವೇಗವರ್ಧಕವನ್ನು ಕೊಲ್ಲುತ್ತಿದ್ದುದರಿಂದ, 1995ರಲ್ಲಿ ಭಾರತದ ನಾಲ್ಕು ಮಹಾನಗರಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಜೊತೆಗೇ ಸೀಸರಹಿತ ಪೆಟ್ರೋಲ್ ಬಂತು. 2000ದಲ್ಲಿ ದೇಶವೆಲ್ಲ ಅದೇ ಆಯಿತು.

ಡೀಸೆಲ್‌ನಲ್ಲಿ ಖಳನಾಯಕ ಗಂಧಕ. ಪ್ಲಾಟಿನಂ ಅದನ್ನು ಸಲ್ಫೇಟ್ ಮಾಡಿ ತನ್ನ ಮೈಮೇಲೆಯೇ ಎಳೆದುಕೊಳ್ಳುತ್ತದೆ. ನೈಟ್ರೊಜನ್ ಆಕ್ಸೈಡ್ ತಗ್ಗಿಸುವ ತಾಮ್ರ-ಜಿಯೊಲೈಟ್ ಇನ್ನೂ ಸುಕುಮಾರ. ಅದೇ ಕೆಲಸದ ವನೇಡಿಯಂ ವೇಗವರ್ಧಕ ಗಂಧಕವನ್ನು ಸಹಿಸುತ್ತದೆ, ಆದರೆ ಅತಿ ಶಾಖ ತಾಳದು. 2010ರಲ್ಲಿ ಬೆಂಗಳೂರಿಗೆ 50 ಪಿಪಿಎಂ (ದಶಲಕ್ಷದಲ್ಲಿ 50 ಪಾಲು) ಗಂಧಕದ ಡೀಸೆಲ್ ಬಂದಾಗ ಸುತ್ತಲಿನ ತಾಲ್ಲೂಕುಗಳಿಗೆ ಸಿಕ್ಕಿದ್ದು 350 ಪಿಪಿಎಂನದು. ಊರೂರು ಸುತ್ತುವ ಲಾರಿಗೆ ನಗರದ ಮಿತಿ ಇಲ್ಲವೆಂಬುದನ್ನು ಈ ನೀತಿ ಮರೆತಿತ್ತು. 2017ರ ಏಪ್ರಿಲ್ ವೇಳೆಗೆ ಎಲ್ಲೆಡೆ 50, 2020ರ ಏಪ್ರಿಲ್ 1ರಿಂದ 10 ಪಿಪಿಎಂ ಆಯಿತು. ಅದಕ್ಕಾಗಿ ಸಂಸ್ಕರಣಾಗಾರಗಳು ಹೈಡ್ರೊಜನ್ ಬಳಸಿ ಗಂಧಕ ತೆಗೆಯುವ ಘಟಕಗಳಿಗೆ ಭಾರಿ ಹಣ ಸುರಿಯಬೇಕಾಯಿತು.

ಎಂಜಿನ್ ಆಯಿಲ್‌ನ ಸವೆತ-ನಿರೋಧಕದಿಂದ ರಂಜಕ ಮತ್ತು ಸತು ಬರುತ್ತವೆ. 2006ರಲ್ಲಿ ಬಂದ ಸಿಜೆ-4 ಎಂಬ ಆಯಿಲ್ ಮಾನದಂಡ ರಂಜಕಕ್ಕೆ ಶೇ 0.12ರ ಮಿತಿ ಹಾಕಿತು.

ಇಂದು ಹೆಚ್ಚು ಯೋಚಿಸಬೇಕಾದ್ದು ಯೂರಿಯಾ ಟ್ಯಾಂಕಿನ ಬಗ್ಗೆ. ನೈಟ್ರೊಜನ್ ಆಕ್ಸೈಡ್ ತಗ್ಗಿಸುವ ಎಸ್‌ಸಿಆರ್ ವ್ಯವಸ್ಥೆಗೆ ಬೇಕಾದ ಡೆಫ್, ಅಂದರೆ ಶೇ 32.5 ಯೂರಿಯಾದ ದ್ರಾವಣ, ಐಎಸ್‌ಒ 22241ರ ಪ್ರಕಾರ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಪ್ರತಿಯೊಂದನ್ನೂ ಕಿಲೋಗೆ 0.5 ಮಿಲಿಗ್ರಾಂಗಿಂತ ಹೆಚ್ಚು ಹೊಂದಿರಬಾರದು.  ಚಿಂತಾಮಣಿ, ಬಾಗೇಪಲ್ಲಿ ಕಡೆಯ ಕೊಳವೆಬಾವಿಯ ಗಡಸು ನೀರಲ್ಲಿ ಯೂರಿಯಾ ಕರಗಿಸಿದರೆ ಈ ಮಿತಿ ನೂರಾರು ಪಟ್ಟು ಮೀರಿಹೋಗುತ್ತದೆ. ಸೋಡಿಯಂ, ಪೊಟ್ಯಾಸಿಯಂನಂಥ ಕ್ಷಾರಲೋಹಗಳು, ಯೂರಿಯಾದಿಂದ ಹುಟ್ಟುವ ಅಮೋನಿಯಾವನ್ನು ಹಿಡಿಯಬೇಕಾದ ವೇಗವರ್ಧಕದ ಆಮ್ಲೀಯ ತಾಣಗಳನ್ನೇ ಆಕ್ರಮಿಸುತ್ತವೆ. ರೈತರಿಗೆ ಸಿಗುವ ಗೊಬ್ಬರದ ಯೂರಿಯಾಕ್ಕೆ 2015ರಿಂದ ಕಡ್ಡಾಯವಾಗಿ ಬೇವಿನೆಣ್ಣೆ ಲೇಪವಿದೆ. ಸಬ್ಸಿಡಿ ಗೊಬ್ಬರ ಕೈಗಾರಿಕೆಗೆ ಕಳ್ಳದಾರಿಯಲ್ಲಿ ಹೋಗದಿರಲೆಂಬುದು ಅದರ ಒಂದು ಉದ್ದೇಶ. ಅದೇ ಲೇಪ ಡೆಫ್ ಟ್ಯಾಂಕಿಗೂ ಕಸ. ಗ್ಯಾರೇಜಿನಲ್ಲಿ ಮಿಶ್ರಣ ಮಾಡಿ ಉಳಿಸಿದ ಹಣ ಹೊಸ ವೇಗವರ್ಧಕದ ಬೆಲೆಯ ಮುಂದೆ ಏನೂ ಅಲ್ಲ.

ಗಂಧಕದ ಹಾನಿಯನ್ನು ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಶಾಖದಲ್ಲಿ ಬಹುಮಟ್ಟಿಗೆ ನೀಗಿಸಬಹುದು. ರಂಜಕ, ಕ್ಷಾರಲೋಹಗಳಿಗೆ ಆ ಉಪಾಯ ನಡೆಯದು.

ಹೊಂಗೆಯಂಥ ಎಣ್ಣೆಯಿಂದ ಮಾಡುವ ಜೈವಿಕ ಡೀಸೆಲ್‌ನಲ್ಲಿ ಗಂಧಕ ಅತ್ಯಲ್ಪ. ಆದರೆ ಅದರ ತಯಾರಿಕೆಯಲ್ಲಿ ಬಳಸುವ ಕ್ಷಾರದಿಂದ ಸೋಡಿಯಂ ಅಥವಾ ಪೊಟ್ಯಾಸಿಯಂ, ಬೀಜದೆಣ್ಣೆಯಿಂದ ರಂಜಕ ಉಳಿಯುತ್ತವೆ. ಯುರೋಪಿನ ಇಎನ್ 14214 ಮಾನದಂಡ ಮೊದಲೆರಡಕ್ಕೆ ಒಟ್ಟಾಗಿ ಕಿಲೋಗೆ 5, ರಂಜಕಕ್ಕೆ 4 ಮಿಲಿಗ್ರಾಂ ಮಿತಿ ಇಟ್ಟಿದೆ. ಸರಿಯಾಗಿ ತೊಳೆಯದ ಜೈವಿಕ ಡೀಸೆಲ್ ಹೊಗೆಯನ್ನು ಮೊದಲಿಗೆ ತಿಳಿಗೊಳಿಸಿದರೂ ವೇಗವರ್ಧಕದ ಆಯಸ್ಸು ತಿನ್ನುತ್ತದೆ.