ಹಿಡಿಯ ಕತೆ: ಜಿಜಾನಿನ ಜಂಬಿಯಾದಿಂದ ಕೊಡಗಿನ ಕೋವಿಯವರೆಗೆ



ಹೋದ ಶುಕ್ರವಾರ ಸಂಜೆ ಕೊಡಗಿನ ಗೆಳೆಯರೊಬ್ಬರು ಮನೆಗೆ ಬಂದವರು ಚಹಾ ಕುಡಿಯುತ್ತಾ ಒಂದು ಚಿತ್ರ ತೋರಿಸಿದರು. ಅಮೆರಿಕದಲ್ಲಿರುವ ಅವರ ಅಣ್ಣ ಪಾಯಿಂಟ್ ಟೂ ಟೂ ರೈಫಲ್ ಒಂದನ್ನು ಕೊಂಡಿದ್ದಾರೆ. ಇಟಲಿಯಲ್ಲಿ ತಯಾರಾದದ್ದು. ತೂಕ ಒಂದೂವರೆ ಕಿಲೋ ಕೂಡ ಇಲ್ಲ. ನಡುವೆ ಮಡಚಿದರೆ ಶಾಲೆಯ ಚೀಲದಲ್ಲಿ ಹಿಡಿಸುತ್ತದೆ. ಹೆಗಲಿಗೆ ಊರುವ ಕಡೆ ಮರವಿಲ್ಲ, ಬಗ್ಗಿಸಿದ ಕಬ್ಬಿಣದ ಸರಳು ಮಾತ್ರ. ಕೈಯಲ್ಲಿ ಹಿಡಿಯಲು ಹಿಡಿ ಎಂಬುದೇ ಇಲ್ಲ! ಅಣ್ಣ ಅದಕ್ಕೆ ತಮ್ಮ ಅಂಗೈಯ ಅಳತೆಗೆ ಬೀಟೆಮರದ ಒಂದು ಹಿಡಿ ಮಾಡಿಸಿ ಕೂರಿಸಿದ್ದಾರೆ.

"ಕೋವಿಗಿಂತ ಹಿಡಿಗೇ ಜಾಸ್ತಿ ದಿನ ಕಳೆದ ಮಾರಾಯ್ರೆ" ಎಂದು ಗೆಳೆಯರು ನಕ್ಕರು. ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ ಆ ಮಾತು ತಲೆಯಲ್ಲೇ ಉಳಿಯಿತು. ಯಾಕೆಂದರೆ ಆಯುಧಕ್ಕಿಂತ ಅದರ ಹಿಡಿಯೇ ದೊಡ್ಡದು ಎಂದು ನಂಬಿದ ಜನರ ನಡುವೆಯೇ ನಾವಿಲ್ಲಿ ಬದುಕುತ್ತಿದ್ದೇವಲ್ಲ!

ಜಿಜಾನ್ ಸೌದಿ ಅರೇಬಿಯಾದ ನೈರುತ್ಯ ಮೂಲೆ. ಪಡುವಣಕ್ಕೆ ಕೆಂಪು ಸಮುದ್ರ, ತೆಂಕಣಕ್ಕೆ ಯೆಮನ್, ಮೂಡಣಕ್ಕೆ ಫೈಫಾದಂಥ ಬೆಟ್ಟಗಳು. ಮರಳುಗಾಡು ಎಂದುಕೊಂಡು ಬಂದವರಿಗೆ ಇಲ್ಲಿ ಮಾವು ಕಾಣುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗದ್ದೆ ಕಾಣುತ್ತದೆ, ನಮ್ಮ ಮಲ್ಲಿಗೆಯ ಅಕ್ಕನಂಥ ಹೂ 'ಫುಲ್' ಕಾಣುತ್ತದೆ. ಅಹದ್ ಅಲ್ ಮಸಾರಿಹಾ ಎಂಬ ಊರಿನ ಹೆಸರಲ್ಲೇ ಭಾನುವಾರ ಕೂತಿದೆ, ನಮ್ಮ ವಾರದ ಸಂತೆಗಳ ಹಾಗೆ. ಬೆಟ್ಟದ ಹಿರಿಯರು ಮದುವೆಗೆ, ಹಬ್ಬಕ್ಕೆ ಸೊಂಟದ ನಡುವೆ ಬಾಗಿದ ಬಾಕು ಕಟ್ಟಿಕೊಂಡು ಬರುತ್ತಾರೆ. ಅದೇ ಜಂಬಿಯಾ. ಗಡಿಯ ಆಚೆ ಈಚೆ ಎರಡೂ ಕಡೆ ಇದು ಗಂಡಸಿನ ಮಾನದ ಗುರುತು.

ಜಂಬಿಯಾದ ಬೆಲೆ ಕಟ್ಟುವವರು ಮೊದಲು ಅಲಗನ್ನು ನೋಡುವುದಿಲ್ಲ, ಹಿಡಿಯನ್ನು ನೋಡುತ್ತಾರೆ. ಘೇಂಡಾಮೃಗದ ಕೊಂಬಿನ ಹಿಡಿ ಎಲ್ಲಕ್ಕಿಂತ ಮೇಲು. ಆ ಕೊಂಬು ಎಲುಬಲ್ಲ. ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಆ ಕೆರಟಿನ್. ಹಾಗಾಗಿ ಅದು ಕೈಗೆ ತಣ್ಣಗೆ ಕೊರೆಯುವುದಿಲ್ಲ. ಹತ್ತಾರು ವರ್ಷ ಅಂಗೈ ಉಜ್ಜಿ ಉಜ್ಜಿ ಮಿರುಗು ಬಂದು, ಅಂಚಿನಲ್ಲಿ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಹಾಗೆ ಮಾಗಿದ ಹಳೆಯ ಹಿಡಿಗೆ 'ಸೈಫಾನಿ' ಎಂಬ ಹೆಸರು. ಅಪ್ಪನ ಕೈ, ಅಜ್ಜನ ಕೈ ಎಲ್ಲವೂ ಅದರೊಳಗೆ ಇಳಿದಿವೆ ಎಂಬ ಭಾವ.

ಇಲ್ಲಿಯವರೆಗೆ ಕತೆ ಚೆಂದವಾಗಿಯೇ ಇದೆ. ಮುಂದಿನದು ಹಾಗಿಲ್ಲ.

1970ರ ದಶಕದಲ್ಲಿ ಎಣ್ಣೆಯ ದುಡ್ಡು ಹರಿಯತೊಡಗಿದಾಗ ಯೆಮನಿನ ಲಕ್ಷಾಂತರ ಗಂಡಸರು ಸೌದಿಗೆ ಕೂಲಿಗೆ ಬಂದರು. ಮೊದಲು ಘೇಂಡಾಮೃಗದ ಹಿಡಿ ಶೇಖ್‌ಗಳಿಗೆ, ಸಿರಿವಂತರಿಗೆ ಮಾತ್ರ ಎಟುಕುತ್ತಿತ್ತು. ಈಗ ಗಾರೆ ಕೆಲಸದವನ ಕೈಯಲ್ಲೂ ದುಡ್ಡು ಓಡಾಡಿತು. ಊರಿಗೆ ಮರಳುವಾಗ ಅವನೂ ಒಂದು ಒಳ್ಳೆಯ ಹಿಡಿಯ ಜಂಬಿಯಾ ಕಟ್ಟಿಕೊಂಡು ತಲೆಯೆತ್ತಿ ನಡೆಯಬಯಸಿದ. ತಪ್ಪೇನು? ನಾವು ರಜೆಗೆ ಹೋಗುವಾಗ ಬಂಗಾರ ಕೊಳ್ಳುವುದಿಲ್ಲವೇ? ಊರಲ್ಲಿ ಟೆರೇಸಿನ ಮನೆ ಎಬ್ಬಿಸುವುದಿಲ್ಲವೇ? ಆದರೆ ಅವನ ಆಸೆಯ ಬೆಲೆಯನ್ನು ತೆತ್ತದ್ದು ಆಫ್ರಿಕದ ಕಾಡು. 1970ರಲ್ಲಿ ಸುಮಾರು 65,000 ಇದ್ದ ಕಪ್ಪು ಘೇಂಡಾಮೃಗಗಳು 1990ರ ದಶಕದ ನಡುವಿಗೆ ಎರಡೂವರೆ ಸಾವಿರಕ್ಕೂ ಕೆಳಗೆ ಇಳಿದವು. ಪೂರ್ವ ಏಷ್ಯಾದ ನಾಟಿ ಔಷಧದ ಪೇಟೆಯದೂ ಇದರಲ್ಲಿ ದೊಡ್ಡ ಪಾಲಿದೆ. ಆದರೆ ಜಂಬಿಯಾದ ಪಾಲು ಸಣ್ಣದೇನಲ್ಲ.

ನಮ್ಮಲ್ಲೊಂದು ಗಾದೆ ಇದೆ: ಕೊಡಲಿ ಕಾವು ಕುಲಕ್ಕೆ ಸಾವು. ಮರದಿಂದಲೇ ಆದ ಕಾವು ಮರಗಳ ಕುಲವನ್ನೇ ಕಡಿಯುತ್ತದೆ ಎಂದು ಅದರ ಅರ್ಥ. ಇಲ್ಲಿ ಕಡಿಯುವುದಕ್ಕೂ ಬಳಸದ ಬಾಕುವಿನ ಹಿಡಿಗಾಗಿ ಒಂದು ಕುಲವೇ ಅಳಿವಿನ ಅಂಚಿಗೆ ಬಂತು.

ಯೆಮನ್ 1982ರಲ್ಲಿ ಈ ಕೊಂಬಿನ ಆಮದನ್ನು ನಿಷೇಧಿಸಿತು. 1992ರಲ್ಲಿ ಅಲ್ಲಿನ ಹಿರಿಯ ಮುಫ್ತಿಯವರು ಘೇಂಡಾಮೃಗವನ್ನು ಕೊಲ್ಲುವುದು ದೇವರ ಇಚ್ಛೆಗೆ ವಿರುದ್ಧ ಎಂದು ಫತ್ವಾ ಕೊಟ್ಟರು. ಇದರ ನಡುವೆ ಇನ್ನೊಂದು ಪೆಟ್ಟು ಬಿದ್ದಿತ್ತು. ಕುವೈತ್ ಬಿಕ್ಕಟ್ಟಿನಲ್ಲಿ ಯೆಮನ್ ತಳೆದ ನಿಲುವಿನಿಂದಾಗಿ 1990ರಲ್ಲಿ ಸೌದಿಯಲ್ಲಿದ್ದ ಯೆಮನಿಗಳ ವಿಶೇಷ ಸವಲತ್ತು ರದ್ದಾಗಿ, ಸುಮಾರು ಎಂಟು ಲಕ್ಷ ಜನ ಗಂಟುಮೂಟೆ ಕಟ್ಟಿ ಇದೇ ಜಿಜಾನಿನ ಕಡೆಯ ಗಡಿ ದಾಟಿ ಹೋಗಬೇಕಾಯಿತು. ದುಡ್ಡು ನಿಂತಿತು. ಕುಶಲಕರ್ಮಿಗಳು ಎಮ್ಮೆ ಕೋಣಗಳ ಕೊಂಬಿಗೆ ಹೆಚ್ಚು ಹೆಚ್ಚು ಒಲಿದರು. ಆ ಕೊಂಬು ಬರುತ್ತಿದ್ದದ್ದು ಎಲ್ಲಿಂದ ಗೊತ್ತೇ? ನಮ್ಮ ಭಾರತದಿಂದ! ನಮ್ಮ ನಾಡಿನ ಯಾವುದೋ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆ ಈಗ ಯಾರದೋ ಸೊಂಟದಲ್ಲಿ ಮಾನದ ಗುರುತಾಗಿ ಕುಳಿತಿರಬಹುದು. ವಲಸೆ ನಮ್ಮದು ಮಾತ್ರವಲ್ಲ.

ಈ ಸೀಮೆಗೆ ಬಾಕು ಹಳೆಯದು, ಬಂದೂಕು ಹೊಸದು. ಸಬಿಯಾ ಪಟ್ಟಣದಲ್ಲಿ 1837ರಲ್ಲಿ ತೀರಿಕೊಂಡ ಸೂಫಿ ಗುರು ಅಹ್ಮದ್ ಇಬ್ನ್ ಇದ್ರಿಸ್ ಅವರ ಮರಿಮಗ ಮುಹಮ್ಮದ್ ಅಲ್ ಇದ್ರಿಸಿ, 20ನೇ ಶತಮಾನದ ಆರಂಭದಲ್ಲಿ ತುರ್ಕರ ವಿರುದ್ಧ ನಿಂತು ಸ್ವಂತ ಅಮೀರಿಕೆ ಕಟ್ಟಿದರು. 1911-12ರಲ್ಲಿ ಇಟಲಿಗೂ ತುರ್ಕಿಗೂ ಯುದ್ಧ ನಡೆದಾಗ ಇಟಲಿ ಅವರಿಗೆ ಆಯುಧ ಒದಗಿಸಿತು. 1915ರಲ್ಲಿ ಬ್ರಿಟಿಷರು ಒಪ್ಪಂದ ಮಾಡಿಕೊಂಡರು. 1923ರಲ್ಲಿ ಅವರು ತೀರಿಕೊಂಡ ಮೇಲೆ ಅಮೀರಿಕೆ ಕುಸಿಯಿತು. 1926ರಲ್ಲಿ ಇಬ್ನ್ ಸೌದರ ಆಶ್ರಯಕ್ಕೆ ಬಂತು, 1930ರಲ್ಲಿ ಅವರ ರಾಜ್ಯಕ್ಕೆ ಸೇರಿತು. 1934ರ ಯುದ್ಧದ ನಂತರದ ತಾಯಿಫ್ ಒಪ್ಪಂದದಲ್ಲಿ ಯೆಮನ್ ಕೂಡ ಜಿಜಾನ್ ಸೌದಿಯದೆಂದು ಒಪ್ಪಿತು. ಹೊರಗಿನವರು ಕೊಟ್ಟ ಕೋವಿಗಳಿಂದ ಕಟ್ಟಿದ ರಾಜ್ಯ ಇಪ್ಪತ್ತೈದು ವರ್ಷವೂ ಬಾಳಲಿಲ್ಲ. ಸೊಂಟದ ಬಾಕು ಮಾತ್ರ ಉಳಿಯಿತು.

1837 ಎಂದೊಡನೆ ಸುಳ್ಯದ ಕಡೆಯವನಾದ ನನಗೆ ಬೇರೊಂದು ನೆನಪು. ಅದೇ ವರ್ಷ ಅಮರ ಸುಳ್ಯದ ರೈತರು ಕಂಪನಿಯ ವಿರುದ್ಧ ಎದ್ದು, ಮಂಗಳೂರನ್ನು ಕೆಲವು ದಿನ ತಮ್ಮ ಕೈವಶ ಮಾಡಿಕೊಂಡಿದ್ದರು. ಬಂಡಾಯ ಅಡಗಿತು, ಮುಂದಾಳುಗಳು ಗಲ್ಲಿಗೇರಿದರು. ಅದಾಗಿ 24 ವರ್ಷಕ್ಕೆ, 1857ರ ದಂಗೆಯ ಬಿಸಿ ಆರುತ್ತಿದ್ದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ನಿಷ್ಠೆಗೆ ಸಿಕ್ಕ ಬಹುಮಾನವದು. ಬ್ರಿಟಿಷರು ಹೋದರೂ ವಿನಾಯಿತಿ ಉಳಿಯಿತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಒಂದು ಸಮುದಾಯಕ್ಕೆ ಪರಂಪರೆಯಾಗಿ ಕಾಣುವುದು ಪಕ್ಕದ ತಾಲೂಕಿನವನಿಗೆ ಪಕ್ಷಪಾತವಾಗಿ ಕಾಣುವುದುಂಟು. ಅದರ ಚರ್ಚೆ ಇನ್ನೊಮ್ಮೆ.

ಕೊಡಗಿನಲ್ಲೂ ಆಯುಧ ಎಂದರೆ ಬರಿ ಕೊಲ್ಲುವ ಸಾಧನವಲ್ಲ. ಸೊಂಟದ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಯ ಹಿಡಿಗೆ ಬೆಳ್ಳಿ ಬಂಗಾರದ ಕೆಲಸ. ಜಂಬಿಯಾದ ಪಕ್ಕ ಇಟ್ಟರೆ ದಾಯಾದಿಗಳ ಹಾಗೆ ಕಾಣುತ್ತದೆ. ಬೆನ್ನಿಗೆ ಅಗಲವಾದ ಒಡಿಕತ್ತಿ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದಲ್ಲಿ ಕೋವಿಯನ್ನು ತೊಳೆದು ಒರೆಸಿ, ನಳಿಗೆಯ ತುದಿಗೆ 'ತೋಕ್ ಪೂ' ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡು ಹುಟ್ಟಿದರೆ ಒಂದು ಗುಂಡು, ಪುತ್ತರಿಯ ಕದಿರು ಕೊಯ್ಯುವಾಗ ಒಂದು ಗುಂಡು, ಸಾವಿನಲ್ಲೂ ಗುಂಡು. ಇನ್ನು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಹನ್ನೆರಡು ಬೋರ್ ಕೋವಿಯ ಜೊತೆಗೆ ಪಾಯಿಂಟ್ ಟೂ ಟೂ ರೈಫಲ್ಲಿಗೇ ಬೇರೆ ವಿಭಾಗ ಇರುತ್ತದೆ.

ಈ ಪಾಯಿಂಟ್ ಟೂ ಟೂ ನಮ್ಮಲ್ಲಿ ಅನೇಕರಿಗೆ ಹಳೆಯ ಪರಿಚಯ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರೆಲ್ಲ ಅಂಗಾತ ಅಲ್ಲ, ಬೋರಲು ಮಲಗಿ ಹೊಡೆದದ್ದು ಅದನ್ನೇ. ಅದರ ತೋಟೆಯ ತಳದ ಅಂಚಿನೊಳಗೆ ಸುತ್ತಲೂ ಸಿಡಿಮದ್ದು ತುಂಬಿರುತ್ತದೆ. ಅಂಚಿಗೆ ಪೆಟ್ಟು ಬಿದ್ದರೆ ಗುಂಡು ಹಾರುತ್ತದೆ. ಪ್ಯಾರಿಸಿನ ಫ್ಲೋಬೇರ್ 1845ರ ಹೊತ್ತಿಗೆ ಈ ಬಗೆಯ ಪುಟ್ಟ ತೋಟೆ ಮಾಡಿದ್ದು ಮನೆಯೊಳಗೆ ಗುರಿ ಆಡಲೆಂದು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಅದನ್ನು ರಿವಾಲ್ವರಿಗೆ ತಂದರು. ಇಂದು ಎಲ್ಲೆಡೆ ಇರುವ 'ಲಾಂಗ್ ರೈಫಲ್' ತೋಟೆ 1887ರದು. ಒದೆತ ಕಡಿಮೆಯಾದ್ದರಿಂದ ಇದಕ್ಕೆ ಕೋವಿಯನ್ನು ಎಷ್ಟು ಬೇಕಾದರೂ ಹಗುರ ಮಾಡಬಹುದು. 1950ರ ದಶಕದಲ್ಲಿ ವಿಮಾನ ಬಿದ್ದು ಕಾಡುಪಾಲಾದ ಪೈಲಟ್‌ಗಳಿಗೆಂದು ಬಿಡಿಸಿ ಜೋಡಿಸುವ ಕೋವಿಗಳನ್ನು ರೂಪಿಸಿದ ಆರ್ಮಲೈಟ್ ಕಂಪನಿ, ಆಮೇಲೆ ಇದೇ ತೋಟೆಯ ಎಆರ್-7 ತಂದಿತು. ಅದರ ನಳಿಗೆ ಮತ್ತು ಯಂತ್ರಭಾಗ ಟೊಳ್ಳಾದ ಹಿಂಬದಿಯೊಳಗೇ ಅಡಗುತ್ತವೆ, ನೀರಲ್ಲಿ ತೇಲುತ್ತದೆ ಕೂಡ!

ಆದರೆ ಹಗುರಕ್ಕೂ ಒಂದು ಬೆಲೆ ಇದೆ. ಹೊರುವುದಕ್ಕೆ ಸುಖವಾದದ್ದು ಹಿಡಿಯುವುದಕ್ಕೆ ಸುಖವಲ್ಲ. ಮಡಚಲು ಅನುಕೂಲವಾಗಲೆಂದು ಮೊದಲು ತೆಗೆದುಹಾಕುವುದೇ ಅಂಗೈ ತುಂಬುವ ಭಾಗವನ್ನು. ಅಂಗೈ ಒಂದೇ ಕಡೆ ಕೂರದಿದ್ದರೆ ಬೆರಳು ಟ್ರಿಗರನ್ನು ನೇರ ಎಳೆಯುವುದಿಲ್ಲ, ಪಕ್ಕಕ್ಕೆ ಜಗ್ಗುತ್ತದೆ, ಗುರಿ ತಪ್ಪುತ್ತದೆ. ಅಮೆರಿಕದ ಅಣ್ಣ ಬೀಟೆಯ ಹಿಡಿ ಕೂರಿಸಿದ್ದು ಬರಿ ಶೋಕಿಗಲ್ಲ ಎಂದು ನನಗನ್ನಿಸುತ್ತದೆ. ಜೊತೆಗೆ, ಎಲ್ಲಿಗೂ ಒಯ್ಯಬಹುದಾದ, ಯಾರದೂ ಆಗಬಹುದಾದ ಆ ವಸ್ತುವಿಗೆ 'ಇದು ನನ್ನದು' ಎಂಬ ಗುರುತು ಬೇಕಿತ್ತು. ಸೈಫಾನಿ ಹಿಡಿಯವನಿಗೆ ಬೇಕಿದ್ದದ್ದೂ ಅದೇ.

ನಮ್ಮ ಅಜ್ಜನ ಒಂದು ಕತ್ತಿ ಇತ್ತು. ಸೋಗೆ, ಸೊಪ್ಪು ಕಡಿಯುವ ಸಾದಾ ಕತ್ತಿ. ಮರದ ಹಿಡಿಯಲ್ಲಿ ಹೆಬ್ಬೆರಳು ಕೂರುವ ಕಡೆ ಗುಳಿ ಬಿದ್ದಿತ್ತು. ಒಂದು ಸಲ ರಜೆಗೆ ಹೋದಾಗ ನೋಡಿದರೆ ಹಿಡಿ ಒಡೆದಿದೆ ಎಂದು ಪೇಟೆಯ ಪ್ಲಾಸ್ಟಿಕ್ ಹಿಡಿ ಹಾಕಿಸಿದ್ದರು. ಅಲಗು ಅದೇ, ಕತ್ತಿ ಮಾತ್ರ ಅಜ್ಜನದಲ್ಲ ಅನ್ನಿಸಿತು. ಹಳೆಯ ಹಿಡಿ ಎಲ್ಲಿ ಎಂದು ಕೇಳಿದೆ. ಬಚ್ಚಲ ಒಲೆಗೆ ಹೋಗಿತ್ತು.

ಪರದೇಶದಲ್ಲಿರುವ ನಾವೂ ಮಡಚಿ ಚೀಲಕ್ಕೆ ತುಂಬಿಕೊಂಡು ಬಂದವರು. ಹಗುರವಾಗಲೆಂದು ಏನೇನೋ ಬಿಚ್ಚಿಟ್ಟು ಬಂದಿದ್ದೇವೆ. ಇಲ್ಲಿ ಕೂತು ಅದಕ್ಕೊಂದು ಹಿಡಿ ಮಾಡಿಕೊಳ್ಳುತ್ತೇವೆ: ಕೆಲವರಿಗೆ ಭಾಷೆ, ಕೆಲವರಿಗೆ ಹಬ್ಬ, ಕೆಲವರಿಗೆ ಬಂಗಾರ. ಮಾಡಿಕೊಳ್ಳೋಣ. ಆ ಹಿಡಿಗೆ ಬೇಕಾದ ಕೊಂಬನ್ನು ಯಾರ ತಲೆಯಿಂದ ಕೊಯ್ದು ತರುತ್ತಿದ್ದೇವೆ ಎಂಬುದನ್ನಷ್ಟು ಕೇಳಿಕೊಂಡರೆ ಸಾಕು.

ನಿಮ್ಮ ಮನೆಯಲ್ಲೂ ಅಂಥದೊಂದು ಹಿಡಿ ಉಳಿದಿದ್ದರೆ, ಕತ್ತಿಯದೋ ಒನಕೆಯದೋ ಅಜ್ಜಿಯ ಬೀಸುವ ಕಲ್ಲಿನದೋ, ಮುಂದಿನ ಓಲೆಗೆ ನಾಲ್ಕು ಸಾಲು ಬರೆದು ಕಳಿಸಿ.