ಹಗೇವು

ಚಿಕ್ಕ ಮನೆ, ದೊಡ್ಡ ಸಂಸಾರ. ವರ್ಷದ ರಾಗಿಯನ್ನಿಡಲು ಸ್ಥಳವೆಲ್ಲಿ? ನೆಲುವಿಗೆ ಬೆಣ್ಣೆ, ಅಟ್ಟಕ್ಕೆ ಸೌದೆ, ನೆಲದಡಿಯ ಹಗೇವಿಗೆ ರಾಗಿ. ಇದು ಮೈಸೂರು ಸೀಮೆಯ ಒಕ್ಕಲುಮಕ್ಕಳ ಏರ್ಪಾಡಾಗಿತ್ತು.

ಹಗೇವಿಗೆ ಬಾಯಿ ಕಿರಿದು, ಒಡಲು ವಿಶಾಲ. ಒಳಗೆ ಹುಲ್ಲು ಹಾಸಿ ಕಾಳು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲೆಯಲ್ಲಿ ಪ್ರಾಣವಾಯು ತೀರಿ ಅಂಗಾರಾಮ್ಲವಾಯು ತುಂಬುವುದು. ಹುಳು ಬದುಕದು, ರಾಗಿ ಹಲವು ವರ್ಷ ಕೆಡದು. ಆದರೆ ಅದೇ ವಾಯು ಮನುಷ್ಯನಿಗೂ ಮೃತ್ಯು. ಆದುದರಿಂದ ಬಾಯಿ ತೆರೆದು ಗಾಳಿಯಾಡಿಸಿ, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕೆಂಬ ಕಟ್ಟಳೆಯಿತ್ತು.

ಮಳೆ ಮೇಲಿಂದ ಮೇಲೆ ತಪ್ಪಿದ ಧಾತು, ಈಶ್ವರ ಸಂವತ್ಸರಗಳ (1876–78) ಕ್ಷಾಮದಲ್ಲಿ ಲಕ್ಷಾಂತರ ಜನ ಮಡಿದರು. ತುಂಬಿದ ಹಗೇವಿನ ಬೆಲೆಯನ್ನು ಅಂಥ ಕಾಲವೇ ಬಲ್ಲದು. ಇಂದು ನಾವು ಗೋಡೆಗೋಡೆಗೂ ಕಪಾಟು ಕೂಡಿಸುತ್ತೇವೆ. ಅವುಗಳಲ್ಲಿ ಬರಗಾಲಕ್ಕೆಂದು ಇಟ್ಟುದೆಷ್ಟು?