ಇಬ್ಬರ ನಡುವಿನ ತಂತಿ

1890ರ ದಶಕದ ಆರಂಭದಲ್ಲಿ, ಜರ್ಮನಿಯ ಸೇನೆಯಲ್ಲಿ ತರಬೇತಿ ಪಡೆಯುತ್ತಿದ್ದ ಹಾನ್ಸ್ ಬರ್ಗರ್ ಎಂಬ ತರುಣರು ಕುದುರೆಯಿಂದ ಕೆಳಗುರುಳಿದರು. ಹಿಂದೆಯೇ ಬರುತ್ತಿದ್ದ ಫಿರಂಗಿ ಬಂಡಿಯ ಚಕ್ರ ಕೂದಲೆಳೆಯಷ್ಟು ಅಂತರದಲ್ಲಿ ನಿಂತಿತು. ಅದೇ ದಿನ ಮನೆಯಿಂದ ಅವರ ಕ್ಷೇಮ ವಿಚಾರಿಸುವ ತಂತಿ ಬಂದಿತು. ದೂರದ ಊರಿನಲ್ಲಿದ್ದ ಸೋದರಿಯ ಮನಸ್ಸಿಗೆ ಇದ್ದಕ್ಕಿದ್ದಂತೆ ತಳಮಳವಾಗಿ, ತಂದೆಯನ್ನು ಒತ್ತಾಯಿಸಿ ಅದನ್ನು ಕಳುಹಿಸಿದ್ದಳು. ಮನಸ್ಸಿನಿಂದ ಮನಸ್ಸಿಗೆ ಯಾವುದೋ ಶಕ್ತಿ ಹರಿದಿರಬೇಕೆಂಬ ನಂಬಿಕೆ ಬರ್ಗರ್ ಅವರಲ್ಲಿ ಬೇರೂರಿತು. ಅದನ್ನು ಅರಸುತ್ತಲೇ ಅವರು ವೈದ್ಯರಾದರು.

ಯೇನಾ ನಗರದಲ್ಲಿ 1924ರಲ್ಲಿ ಅವರು ಮಾನವ ಮಿದುಳಿನ ವಿದ್ಯುತ್ತನ್ನು ಪ್ರಥಮ ಬಾರಿಗೆ ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಮೂರ್ಛೆರೋಗದ ಪರೀಕ್ಷೆಗೆ ನಮ್ಮ ಆಸ್ಪತ್ರೆಗಳು ಬಳಸುವ ಇ.ಇ.ಜಿ. ಹುಟ್ಟಿದ್ದು ಹೀಗೆ. ಆದರೆ ತಲೆಬುರುಡೆಯನ್ನು ದಾಟುವಷ್ಟರಲ್ಲಿ ಆ ವಿದ್ಯುತ್ತು ವೋಲ್ಟಿನ ಹತ್ತು ಲಕ್ಷ ಪಾಲುಗಳಲ್ಲಿ ಕೆಲವೇ ಹತ್ತು ಪಾಲುಗಳಷ್ಟಾಗಿರುತ್ತದೆ. ಊರಿಂದೂರಿಗೆ ಹೋಗುವ ಮಾತೇ ಇಲ್ಲ. ಸೋದರಿಯ ತಳಮಳಕ್ಕೆ ಉತ್ತರ ಅಲ್ಲಿ ಸಿಗಲಿಲ್ಲ.

ಮಿದುಳಿನ ಈ ಅಲೆಗಳಿಂದ ಕಂಪ್ಯೂಟರನ್ನು ನಡೆಸಬಹುದೇ ಎಂಬ ಪ್ರಶ್ನೆಯನ್ನು 1973ರಲ್ಲಿ ಅಮೆರಿಕದ ಝಾಕ್ ವಿಡಾಲ್ ಎತ್ತಿದರು. ಬರ್ಗರ್ ಅವರ ಹಳೆಯ ಆಸೆಗೆ ಮರುಜೀವ ಬಂದದ್ದು ಮಾತ್ರ 2002ರಲ್ಲಿ, ಇಂಗ್ಲೆಂಡಿನ ದಂಪತಿಗಳಿಂದ. ರೆಡಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆವಿನ್ ವಾರ್ವಿಕ್ ತಮ್ಮ ಎಡಗೈಯ ನರದೊಳಕ್ಕೆ 100 ಸೂಜಿಮೊನೆಗಳ ಪುಟ್ಟ ಫಲಕವನ್ನು ಶಸ್ತ್ರಕ್ರಿಯೆಯಿಂದ ಅಳವಡಿಸಿಕೊಂಡರು. ನ್ಯೂಯಾರ್ಕಿನಲ್ಲಿ ಕುಳಿತು, ಅಂತರ್ಜಾಲದ ಮೂಲಕ, ರೆಡಿಂಗಿನಲ್ಲಿದ್ದ ಯಂತ್ರದ ಕೈಯನ್ನು ಚಲಿಸಿದರು. ಅವರ ಪತ್ನಿ ಐರಿನಾ ಸಹ ತಮ್ಮ ಕೈಯ ನರಕ್ಕೆ ಸೂಜಿ ಚುಚ್ಚಿಸಿಕೊಂಡರು. ಆಕೆ ಮುಷ್ಟಿ ಮಡಚಿದಾಗಲೆಲ್ಲ, ಕಂಪ್ಯೂಟರಿನ ಮೂಲಕ ಪತಿಯ ನರದಲ್ಲಿ ಒಂದು ಮಿಡಿತವುಂಟಾಗುತ್ತಿತ್ತು.

ಮಾತು ನಿಧಾನವಾದ, ತಪ್ಪುಗಳಿಗೆ ಎಡೆಗೊಡುವ ಸಾಧನ; ಮುಂದೆ ಆಲೋಚನೆಗಳೇ ನೇರವಾಗಿ ಹರಿಯುವವು ಎಂಬುದು ವಾರ್ವಿಕ್ ಅವರ ವಾದ. ಅವರ ಧೈರ್ಯವನ್ನು ಮೆಚ್ಚುತ್ತಲೇ ಇದನ್ನು ಒಪ್ಪಲು ನಾನು ಹಿಂಜರಿಯುತ್ತೇನೆ. ತಂತಿಯಲ್ಲಿ ಹರಿದದ್ದು ಬರಿಯ ಮಿಡಿತ. ಅದನ್ನು ಮಡದಿಯ ಕರೆಯೆಂದು ಅರಿಯುವ ಬಲ ಬಂದದ್ದು ಅವರ ದಾಂಪತ್ಯದಿಂದಲೇ ಹೊರತು ಯಂತ್ರದಿಂದಲ್ಲ. ಮೇಲಾಗಿ, ಮನಸ್ಸಿಗೆ ಬಂದದ್ದೆಲ್ಲ ಆ ಕ್ಷಣವೇ ಎದುರಿನವರನ್ನು ತಲುಪುವುದಾದರೆ ಯಾವ ಸಂಸಾರ ತಾನೇ ಉಳಿದೀತು? ಸಿಟ್ಟಿನಲ್ಲಿ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಳ್ಳುವುದೂ ಪ್ರೀತಿಯೇ. ಹೇಳುವ ಸ್ವಾತಂತ್ರ್ಯದಷ್ಟೇ ಹೇಳದಿರುವ ಸ್ವಾತಂತ್ರ್ಯವೂ ಬಾಂಧವ್ಯಕ್ಕೆ ಬೇಕು.

ಈ ಸ್ವಾತಂತ್ರ್ಯವೆರಡನ್ನೂ ಉಳಿಸಿಕೊಂಡ ಒಂದು ಪ್ರಯೋಗವಿದೆ. ಕೆನಡಾದ ಶಿಕ್ಷಕಿ ಆ್ಯನ್ ಜಾನ್ಸನ್ 2005ರಲ್ಲಿ, ತಮ್ಮ 30ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡರು. ಮಗಳು ಆಗಿನ್ನೂ ಒಂದು ವರ್ಷದ ಕೂಸು. ತಾಯಿಯ ದನಿಯ ನೆನಪೇ ಇಲ್ಲದೆ ಬೆಳೆದಳು. ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯ ಎಡ್ವರ್ಡ್ ಚಾಂಗ್ ಅವರ ತಂಡ ಆಕೆಯ ಮಿದುಳಿನ ಮೇಲೆ 253 ವಿದ್ಯುದ್ವಾರಗಳ ತೆಳು ಹಾಳೆಯೊಂದನ್ನು ಇರಿಸಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಇಲ್ಲಿ ಕಂಪ್ಯೂಟರು ಓದುವುದು ಅಂತರಂಗದ ಆಲೋಚನೆಯನ್ನಲ್ಲ. ತುಟಿ, ನಾಲಿಗೆ, ದವಡೆಗಳನ್ನು ಆಡಿಸಲು ಆಕೆ ಮಾಡುವ ಯತ್ನವನ್ನು ಮಾತ್ರ ಅದು ಓದುತ್ತದೆ. ಆಕೆ ಹೇಳಬಯಸಿದರೆ ಮಾತು ಹೊರಡುತ್ತದೆ, ಇಲ್ಲವಾದರೆ ಇಲ್ಲ.

ಆ ಯಂತ್ರಕ್ಕೆ ದನಿಯನ್ನು ಎಲ್ಲಿಂದ ತಂದರು ಗೊತ್ತೇ? ತಮ್ಮ ಮದುವೆಯ ದಿನ ಆ್ಯನ್ ಆಡಿದ್ದ ಮಾತುಗಳ ಧ್ವನಿಮುದ್ರಣದಿಂದ. ಹಲವು ವರ್ಷಗಳ ಬಳಿಕ ಪತಿ ಬಿಲ್ ಅವರ ಕಿವಿಗೆ ಬಿದ್ದದ್ದು ಆ ವಧುವಿನ ದನಿಯನ್ನು ಹೋಲುವ ದನಿ. ನಿಮಿಷಕ್ಕೆ ಸುಮಾರು 78 ಪದಗಳು. ಸಹಜ ಮಾತಿನ ಅರ್ಧದಷ್ಟು ವೇಗ. ತಪ್ಪುಗಳೂ ಇದ್ದವು. ಒಂದು ವಾಕ್ಯವನ್ನು ಆಡಲು ಆಕೆ ಯತ್ನಿಸಿದ ಮೇಲೆ ಅದು ಹೊರಬರಲು ಸುಮಾರು 8 ಸೆಕೆಂಡು ಕಾಯಬೇಕಿತ್ತು. 2025ರಲ್ಲಿ ಅದೇ ತಂಡ ಆ ಕಾಯುವಿಕೆಯನ್ನು ಸುಮಾರು ಒಂದು ಸೆಕೆಂಡಿಗೆ ಇಳಿಸಿತು.